ಆಟದ ಸಾಲ

2020ರ ಮಾರ್ಚ್ 10ರಂದು ಕಲಬುರಗಿಯ ಎಪ್ಪತ್ತಾರು ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನ ಕಳೆದು ವರದಿ ಬಂದಾಗ, ಕೊರೊನಾ ಸೋಂಕಿನಿಂದ ಭಾರತದಲ್ಲಾದ ಮೊದಲ ಸಾವು ಅದೆಂದು ಗೊತ್ತಾಯಿತು. ದೇಶದ ಉಳಿದ ಊರುಗಳು ಮಾರ್ಚ್ 25ರಿಂದ ಬಾಗಿಲು ಹಾಕಿಕೊಂಡವು. ಕಲಬುರಗಿ ಅದಕ್ಕೂ ಮೊದಲೇ ಹಾಕಿಕೊಂಡಿತ್ತು. ಸೂಪರ್ ಮಾರ್ಕೆಟ್ ಬಣಗುಟ್ಟಿತು. ಬಂದೇ ನವಾಜ್ ದರ್ಗಾದ, ಶರಣಬಸವೇಶ್ವರ ಗುಡಿಯ ಸುತ್ತಲಿನ ಬೀದಿಗಳು ಮೌನವಾದವು. ಶಾಲೆಗಳ ಗೇಟಿಗೆ ಬೀಗ ಬಿತ್ತು.

ಆ ದಿನಗಳಲ್ಲಿ ಏನೇನು ಕಳೆದುಕೊಂಡೆವು ಎಂಬ ಲೆಕ್ಕವನ್ನು ಆಮೇಲೆ ಹಲವರು ಹಾಕಿದರು. ಸತ್ತವರ ಲೆಕ್ಕ, ಕೆಲಸ ಕಳೆದುಕೊಂಡವರ ಲೆಕ್ಕ, ಮುಂಬೈ, ಪುಣೆಗಳಿಂದ ಗಂಟುಮೂಟೆ ಹೊತ್ತು ಈ ಭಾಗದ ಹಳ್ಳಿ, ತಾಂಡಾಗಳಿಗೆ ಮರಳಿದವರ ಲೆಕ್ಕ, ತಪ್ಪಿಹೋದ ಪಾಠಗಳ ಲೆಕ್ಕ. ಹದಿಮೂರರಿಂದ ಹದಿನೇಳರ ನಡುವಿನ ಮಕ್ಕಳು ಆಟ ಕಳೆದುಕೊಂಡದ್ದು ಮಾತ್ರ ಈ ಲೆಕ್ಕಗಳ ನಡುವೆ ಎಲ್ಲೋ ಮೂಲೆಗೆ ಬಿತ್ತು. ಸಾವಿನ ಎದುರು ಆಟ ಯಾವ ದೊಡ್ಡ ವಿಷಯ ಎಂದು ಕೇಳುವುದು ಸಹಜ. ಆ ಪ್ರಶ್ನೆಯನ್ನು ತಳ್ಳಿಹಾಕದೆ ಅದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಇಡಬೇಕೆನ್ನಿಸುತ್ತದೆ. ಒಬ್ಬರ ಜೀವ ಉಳಿಸಲು ಇನ್ನೊಬ್ಬರ ಆಟ ನಿಲ್ಲಿಸಿದೆವು. ನಿಲ್ಲಿಸಿದ್ದು ಸರಿಯೇ ಇರಬಹುದು. ಹಾಗೆ ನಿಲ್ಲಿಸಿದ ಮೇಲೆ ಆ ಮಕ್ಕಳ ಋಣ ನಮ್ಮ ಮೇಲೆ ಉಳಿಯುತ್ತದೆಯೋ ಇಲ್ಲವೋ?

ಋಣ ಉಳಿಯಬೇಕಾದರೆ ಕಸಿದುಕೊಂಡ ವಸ್ತುವಿಗೆ ಬೆಲೆ ಇರಬೇಕು. ನಮ್ಮ ಭಾಷೆ ಆಟಕ್ಕೆ ಅಷ್ಟೇನೂ ಬೆಲೆ ಕೊಟ್ಟಿಲ್ಲ. ಗಂಭೀರವಲ್ಲದ ನಡತೆಗೆ ಹುಡುಗಾಟ ಅನ್ನುತ್ತೇವೆ. ಸುಲಭದ ಕೆಲಸಕ್ಕೆ ಮಕ್ಕಳಾಟ ಅನ್ನುತ್ತೇವೆ. ದೇವರು ಆಡಿದರೆ ಲೀಲೆ, ಮಕ್ಕಳು ಆಡಿದರೆ ಹೊತ್ತು ಹಾಳು. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರ ದಾಟಿ ಮುಂದೆ ಹೋದರೆ ಬಸವಕಲ್ಯಾಣ ಸಿಗುತ್ತದೆ. ಇದು ಕಾಯಕವನ್ನು ಪೂಜೆಯ ಎತ್ತರಕ್ಕೆ ಏರಿಸಿದ ನೆಲ. ಇಂಥ ನೆಲದಲ್ಲಿ ಆಟದ ಪರ ಮಾತಾಡುವವರು ಸಾಮಾನ್ಯವಾಗಿ ಒಂದು ಉಪಾಯ ಮಾಡುತ್ತಾರೆ: ಆಟವನ್ನು ಔಷಧಿಯ ಬಾಟಲಿಗೆ ತುಂಬುತ್ತಾರೆ. ಆಡಿದರೆ ಮೈ ಗಟ್ಟಿಯಾಗುತ್ತದೆ, ಮನಸ್ಸು ಹಗುರಾಗುತ್ತದೆ, ಓದು ತಲೆಗೆ ಹತ್ತುತ್ತದೆ. ಈ ಮಾತುಗಳು ಸುಳ್ಳಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಬೆವರು ಬರುವಂತೆ ಮೈ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೂ ಈ ವಾದವನ್ನೇ ಪೂರ್ತಿ ನೆಚ್ಚಿಕೊಂಡರೆ ಎಡವುತ್ತೇವೆ. ಎಲ್ಲಿ ಎಡವುತ್ತೇವೆ ಎಂಬುದನ್ನು ತೋರಿಸಲು ದಕ್ಷಿಣ ಕೊರಿಯಾದ ಉದಾಹರಣೆ ನೆರವಾಗುತ್ತದೆ.

ಕೊರಿಯಾದಲ್ಲಿ 2005ರಿಂದ ಪ್ರತಿವರ್ಷ ಹೈಸ್ಕೂಲು ವಯಸ್ಸಿನ ಐವತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅವರ ಆಹಾರ, ನಿದ್ದೆ, ಆಟ, ಮನಸ್ಸಿನ ಸ್ಥಿತಿಗಳ ಬಗ್ಗೆ ಕೇಳುವ ಸರ್ಕಾರಿ ಸಮೀಕ್ಷೆ ನಡೆಯುತ್ತದೆ. ಆ ದೇಶದ ಹದಿಹರೆಯದವರು ಸಾಂಕ್ರಾಮಿಕಕ್ಕೂ ಮೊದಲೇ ಆಟ ಬಿಟ್ಟವರು. 146 ದೇಶಗಳ 2016ರ ಸ್ಥಿತಿಯನ್ನು ಹೋಲಿಸಿದ ಅಧ್ಯಯನವೊಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದಿತ್ತು. ಜಗತ್ತಿನಾದ್ಯಂತ ಹನ್ನೊಂದರಿಂದ ಹದಿನೇಳರ ಮಕ್ಕಳಲ್ಲಿ ಶೇ 81ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಕೊರಿಯಾದಲ್ಲಿ ಈ ಪ್ರಮಾಣ ಶೇ 94, ಹುಡುಗಿಯರಲ್ಲಂತೂ ಶೇ 97. ಶಾಲೆ ಮುಗಿದ ಮೇಲೆ ರಾತ್ರಿಯವರೆಗೆ ‘ಹಗ್ವೋನ್’ ಎಂಬ ಟ್ಯೂಷನ್ ಕೇಂದ್ರಗಳು, ಎಲ್ಲದರ ತುದಿಯಲ್ಲಿ ಕಾಲೇಜು ಪ್ರವೇಶದ ಒಂದೇ ಒಂದು ಪರೀಕ್ಷೆ. ನೀಟ್ ಕೋಚಿಂಗ್ ಫಲಕಗಳ ನಡುವೆ ಓಡಾಡುವ ಕಲಬುರಗಿಯ ಪಿಯುಸಿ ಮಕ್ಕಳಿಗೆ ಈ ಚಿತ್ರವನ್ನು ಹೆಚ್ಚು ವಿವರಿಸಬೇಕಿಲ್ಲ.

ಸೋಂಕು ಬಂದು ಕೊರಿಯಾದ ಶಾಲೆಗಳು 2020ರ ಏಪ್ರಿಲ್‌ನಲ್ಲಿ ಆನ್‌ಲೈನ್‌ಗೆ ಹೋದವು. ಮೊದಲೇ ಕಡಿಮೆಯಿದ್ದ ದೈಹಿಕ ಚಟುವಟಿಕೆ ಇನ್ನಷ್ಟು ಇಳಿಯಿತು. ಮನಸ್ಸಿನ ನೋವು ಅದಕ್ಕೆ ತಕ್ಕಂತೆ ಏರಿರಬೇಕು ಎಂದು ನಾವು ಊಹಿಸುತ್ತೇವೆ. ಸಮೀಕ್ಷೆ ಬೇರೆಯೇ ಹೇಳಿತು: 2019ಕ್ಕೆ ಹೋಲಿಸಿದರೆ 2020ರಲ್ಲಿ ಒತ್ತಡ ಇದೆ ಎಂದವರೂ ಖಿನ್ನತೆ ಕಾಡುತ್ತಿದೆ ಎಂದವರೂ ಕಡಿಮೆಯಾಗಿದ್ದರು. 2021ರಲ್ಲಿ ಎರಡೂ ಮತ್ತೆ ಏರಿದವು. ಓಟದ ಸ್ಪರ್ಧೆಯಿಂದ ತುಸು ಹೊತ್ತು ಬಿಡುವು ಸಿಕ್ಕಿದ್ದಕ್ಕೆ ಮಕ್ಕಳು ಉಸಿರಾಡಿಕೊಂಡರು ಎಂದು ಇದನ್ನು ಓದಬಹುದು. ಬೇರೆ ಕಾರಣಗಳೂ ಇರಬಹುದು. ಆಟ ಇಳಿದರೆ ದುಃಖ ಏರುತ್ತದೆ ಎಂಬ ತಕ್ಕಡಿಯ ಲೆಕ್ಕ ಆ ವರ್ಷ ತಾಳೆಯಾಗಲಿಲ್ಲ ಎಂಬುದಂತೂ ನಿಜ.

ಹಾಗಾದರೆ 2020ರಲ್ಲಿ ಕೊರಿಯಾದ ಮಕ್ಕಳಿಗೆ ಆಟದ ವಿಷಯದಲ್ಲಿ ಏನೂ ನಷ್ಟವಾಗಲಿಲ್ಲ ಎನ್ನಬೇಕೆ? ಆಟ ಬರೀ ಔಷಧಿಯಾಗಿದ್ದರೆ ಹಾಗೆಯೇ ಅನ್ನಬೇಕಾಗುತ್ತದೆ. ರೋಗ ಇಲ್ಲದವನಿಗೆ ಮಾತ್ರೆ ಸಿಗದಿದ್ದರೆ ನಷ್ಟವೇನು? ಇನ್ನೊಂದು ತೊಡಕೂ ಇದೆ. ಒಂದು ಮಾತ್ರೆಯ ಬದಲು ಇನ್ನೊಂದು ಮಾತ್ರೆ ಕೊಡಬಹುದು. ಮೈದಾನ ಬೇಡ, ಮೊಬೈಲ್ ನೋಡಿಕೊಂಡು ಕೋಣೆಯಲ್ಲೇ ಸೂರ್ಯನಮಸ್ಕಾರ ಹಾಕಲಿ ಎಂದರೆ ಔಷಧಿಯ ವಾದದ ಬಳಿ ಉತ್ತರವಿಲ್ಲ.

ಅದೇ ಲ್ಯಾನ್ಸೆಟ್ ಅಧ್ಯಯನದಲ್ಲಿ ನಮ್ಮ ದೇಶದ ಬಗ್ಗೆ ಒಂದು ಟಿಪ್ಪಣಿ ಇದೆ. ಓದಿದಾಗ ಮೊದಲು ಹೆಮ್ಮೆಯಾಗುತ್ತದೆ, ಆಮೇಲೆ ಮುಜುಗರ. ಭಾರತ ಮತ್ತು ಬಾಂಗ್ಲಾದೇಶದ ಮಕ್ಕಳ ಸ್ಥಿತಿ ಹಲವು ಶ್ರೀಮಂತ ದೇಶಗಳಿಗಿಂತ ಉತ್ತಮವಾಗಿತ್ತು. ಕಾರಣ ಏನಿರಬಹುದು? ಹುಡುಗರ ವಿಷಯದಲ್ಲಿ, ಗಲ್ಲಿಗಲ್ಲಿಯಲ್ಲಿ ಆಡುವ ಕ್ರಿಕೆಟ್ ಎಂದರು ಸಂಶೋಧಕರು. ಹುಡುಗಿಯರ ವಿಷಯದಲ್ಲಿ ಅವರು ಊಹಿಸಿದ್ದು ಮನೆಗೆಲಸವನ್ನು. ಕೊಡ ಹೊತ್ತು ನಡೆದದ್ದು, ಅಂಗಳ ಗುಡಿಸಿದ್ದು, ಬಟ್ಟೆ ಒಗೆದದ್ದು ಎಲ್ಲವೂ 60 ನಿಮಿಷದ ಲೆಕ್ಕಕ್ಕೆ ಬರುತ್ತದೆ. ಮೈಯ ಮಟ್ಟಿಗೆ ಅದು ಸರಿ. ಹೃದಯದ ಬಡಿತಕ್ಕೆ ಕೊಡ ಯಾವುದು, ಚೆಂಡು ಯಾವುದು ಎಂದು ತಿಳಿಯುವುದಿಲ್ಲ. ಅವಳಿಗೆ ತಿಳಿಯುತ್ತದೆ.

ಈ ವ್ಯತ್ಯಾಸದಲ್ಲೇ ಆಟದ ಬೆಲೆ ಇದೆ ಎಂದು ನನಗನ್ನಿಸುತ್ತದೆ. ಡಚ್ ಇತಿಹಾಸಕಾರ ಯೋಹಾನ್ ಹೈಜಿಂಗ 1938ರಲ್ಲಿ ಆಟದ ಬಗ್ಗೆಯೇ ಒಂದು ಪುಸ್ತಕ ಬರೆದ. ಆಟದ ಮೊದಲ ಲಕ್ಷಣ ಸ್ವಾತಂತ್ರ್ಯ, ಅಪ್ಪಣೆಯ ಮೇಲೆ ಆಡಿದ್ದು ಆಟವಲ್ಲ ಎಂಬುದು ಅವನ ವಾದ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬೇರೆ ಯಾವುದಕ್ಕೂ ಏಣಿಯಾಗದ ಹೊತ್ತು ಅದು. ಹದಿನಾಲ್ಕು ವರ್ಷದ ಮಗುವಿನ ಇಡೀ ದಿನ ಏಣಿಗಳಿಂದಲೇ ತುಂಬಿರುತ್ತದೆ: ಓದು ಪರೀಕ್ಷೆಗೆ, ಪರೀಕ್ಷೆ ಕೆಲಸಕ್ಕೆ, ಮನೆಗೆಲಸ ಮದುವೆಗೆ. ಲಗೋರಿ ಯಾವುದಕ್ಕೂ ಏಣಿಯಲ್ಲ. ಕಲ್ಲು ಜೋಡಿಸುವುದು, ಕೆಡವುವುದು, ಮತ್ತೆ ಜೋಡಿಸುವುದು. ಆ ಅರ್ಧ ಗಂಟೆಯಲ್ಲಿ ಮಗು ಮುಂದೆಂದೋ ಆಗಬೇಕಾದ ಮನುಷ್ಯನ ತಯಾರಿಯಾಗಿರುವುದಿಲ್ಲ, ತಾನಾಗಿಯೇ ಇರುತ್ತದೆ.

ಮತ್ತೊಂದು ಅಂಶವಿದೆ. ವ್ಯಾಯಾಮವನ್ನು ಒಬ್ಬರೇ ಮಾಡಬಹುದು. ಖೋ ಖೋ ಆಡಲು ಒಂದೊಂದು ಕಡೆಗೆ ಒಂಬತ್ತು ಮಂದಿ ಬೇಕು, ಕಬಡ್ಡಿಗೆ ಏಳು. ಒಬ್ಬಳು ಬೆನ್ನು ಮುಟ್ಟಿ ಖೋ ಎಂದರೆ ಇನ್ನೊಬ್ಬಳು ಎದ್ದು ಓಡುತ್ತಾಳೆ. ಕಬಡ್ಡಿಯಲ್ಲಿ ಉಸಿರು ಹಿಡಿದು ಎದುರಾಳಿಯ ಅಂಗಳಕ್ಕೆ ಹೋಗಿ ಮುಟ್ಟಿ ಬರಬೇಕು. ಮುಟ್ಟುವುದು, ಉಸಿರು: ಸಾಂಕ್ರಾಮಿಕ ನಿಷೇಧಿಸಿದ್ದು ನಿಖರವಾಗಿ ಈ ಎರಡನ್ನೇ. ಜಾತಿ ನೋಡಿ ಕೂರಿಸುವ, ಮುಟ್ಟುವುದಕ್ಕೂ ಲೆಕ್ಕ ಇಡುವ ಊರುಗಳಲ್ಲಿ, ಎಲ್ಲ ಓಣಿಗಳ ಮಕ್ಕಳು ಸಂಕೋಚವಿಲ್ಲದೆ ಒಬ್ಬರನ್ನೊಬ್ಬರು ಮುಟ್ಟುವ ಜಾಗ ಶಾಲೆಯ ಮೈದಾನ. ಅದಕ್ಕೆ ಬೀಗ ಬಿದ್ದಾಗ ಹೋದದ್ದು ಬರೀ ಬೆವರಲ್ಲ.

ಕಮಲಾಪುರದಂಥ ಕಡೆ ಇದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಕಲಬುರಗಿಯಿಂದ ಮೂವತ್ತೈದು ಕಿಲೋಮೀಟರಿನಷ್ಟು ದೂರದ, ಕೆಂಪು ಬಾಳೆಹಣ್ಣಿಗೆ ಹೆಸರಾದ, ಈಚೆಗೆ ತಾಲ್ಲೂಕು ಕೇಂದ್ರವಾದ ಊರು. ಅಲ್ಲಿ ಬಯಲಿಗೇನು ಕೊರತೆ ಎಂದು ನಗರದವರು ಕೇಳುತ್ತಾರೆ. ಬಯಲಿದೆ. ಆದರೆ ಬಯಲು ತಾನಾಗಿ ಮೈದಾನ ಆಗುವುದಿಲ್ಲ. ಅದಕ್ಕೆ ಬಿಡುವು ಬೇಕು, ಜೊತೆಗಾರರು ಬೇಕು, ಆಡಲಿಕ್ಕೆ ಹೋಗುತ್ತೇನೆ ಎಂದು ಹೇಳಿ ಹೊಸ್ತಿಲು ದಾಟುವ ಧೈರ್ಯ ಬೇಕು. ಹುಡುಗರಿಗೆ ಶಾಲೆ ಮುಚ್ಚಿದ ಮೇಲೂ ಕೆರೆಯ ಅಂಗಳವೋ ಕಟಾವಾದ ಹೊಲವೋ ಹೇಗೋ ಸಿಕ್ಕಿತು. ಅವರಲ್ಲೂ ಹಲವರು ತೊಗರಿ ಹೊಲದ ಕೆಲಸಕ್ಕೆ ಇಳಿದರು. ಹುಡುಗಿಯರಿಗೆ ಪಿ.ಟಿ. ಪಿರಿಯಡ್ ಒಂದೇ ಮನೆಯವರ ಒಪ್ಪಿಗೆ ಇರುವ ಆಟವಾಗಿತ್ತು. ಮೈ ನೆರೆದ ಮಗಳು ಬೀದಿಯಲ್ಲಿ ಓಡಿದರೆ ಆಕ್ಷೇಪಿಸುವ ಅಜ್ಜಿಯೇ ಶಾಲೆಯ ಅಂಗಳದಲ್ಲಿ ಓಡಿದರೆ ಸುಮ್ಮನಿರುತ್ತಾಳೆ. ಶಾಲೆ ಮುಚ್ಚಿದ ದಿನ ಆ ಒಪ್ಪಿಗೆಯೂ ಮುಗಿಯಿತು.

ಇನ್ನು ನಿಲ್ಲಿಸಿದ್ದರ ನ್ಯಾಯಾನ್ಯಾಯ. ಸೋಂಕು ಹೇಗೆ ಹರಡುತ್ತದೆಂದು ಗೊತ್ತಿಲ್ಲದ ಮೊದಲ ತಿಂಗಳುಗಳಲ್ಲಿ ಎಲ್ಲವನ್ನೂ ಮುಚ್ಚಿದ್ದನ್ನು ನಾನು ತಪ್ಪೆನ್ನಲಾರೆ. ಮಕ್ಕಳಿಗೆ ಅಪಾಯ ಕಡಿಮೆ, ಮನೆಯ ಅಜ್ಜ ಅಜ್ಜಿಯರಿಗೆ ಹೆಚ್ಚು. ಅವರಿಗಾಗಿ ಮಕ್ಕಳು ಆಟ ಬಿಡಬೇಕಾಯಿತು. ಪ್ರಶ್ನೆ ಏಳುವುದು ಮುಚ್ಚಿದ್ದರಲ್ಲಲ್ಲ, ತೆರೆದ ಕ್ರಮದಲ್ಲಿ. ಕರ್ನಾಟಕದಲ್ಲಿ 2020ರ ಮೇ 4ರಂದು ಮದ್ಯದಂಗಡಿಗಳು ತೆರೆದವು. ಅದೇ ತಿಂಗಳು ಬೆಳಿಗ್ಗೆ, ಸಂಜೆ ವಾಕಿಂಗ್ ಮಾಡುವವರಿಗೆ ಉದ್ಯಾನಗಳು ತೆರೆದವು. ಸೆಪ್ಟೆಂಬರ್ 19ರಿಂದ ಐಪಿಎಲ್ ಪಂದ್ಯಗಳು ಯುಎಇಯ ಖಾಲಿ ಕ್ರೀಡಾಂಗಣಗಳಲ್ಲಿ ನಡೆದವು. ದೊಡ್ಡವರು ಟಿವಿ ಮುಂದೆ ಕೂತು ಆಟ ನೋಡಿದರು. ಅಕ್ಟೋಬರ್‌ನಲ್ಲಿ ಸಿನಿಮಾ ಮಂದಿರಗಳು ತೆರೆದವು. ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿ ಶುರುವಾದದ್ದು 2021ರ ಜನವರಿ 1ರಂದು, ಅದೂ ಪರೀಕ್ಷೆಗಾಗಿ. ಎರಡನೆಯ ಅಲೆಯ ನಂತರ ಒಂಬತ್ತರಿಂದ ಹನ್ನೆರಡರವರೆಗಿನ ತರಗತಿಗಳು ಮತ್ತೆ ತೆರೆದದ್ದು 2021ರ ಆಗಸ್ಟ್ 23ರಂದು. ಮುಚ್ಚಿದ ಕೋಣೆಗಿಂತ ಬಯಲಿನಲ್ಲಿ ಸೋಂಕು ಹರಡುವುದು ಕಡಿಮೆ ಎಂದು ಆ ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು. ಆದರೂ ಸಾಲಿನಲ್ಲಿ ಮೈದಾನ ಕೊನೆಯಲ್ಲಿ ನಿಂತಿತು. ಮತ ಹಾಕುವವರ, ತೆರಿಗೆ ಕಟ್ಟುವವರ, ಗದ್ದಲ ಮಾಡಬಲ್ಲವರ ಅಗತ್ಯಗಳು ಮುಂದೆ ನಿಂತವು. ಹದಿಮೂರು ವರ್ಷದವರನ್ನು ಯಾರೂ ಕೇಳಲಿಲ್ಲ.

ಕೇಳದೆ ತೆಗೆದುಕೊಂಡದ್ದನ್ನು ತ್ಯಾಗ ಎಂದು ಕರೆದು ಹೊಗಳಿದರೆ ಲೆಕ್ಕ ಮುಗಿಯುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು. ಇವತ್ತು ನನ್ನ ಹೊಲಕ್ಕೆ ನೀವು ಬಂದರೆ ನಾಳೆ ನಿಮ್ಮ ಹೊಲಕ್ಕೆ ನಾನು. ಕಾಗದವಿಲ್ಲ, ಸಾಕ್ಷಿಯಿಲ್ಲ, ಆದರೆ ಮುಯ್ಯಿ ತೀರಿಸದವನಿಗೆ ಮರ್ಯಾದೆಯೂ ಇಲ್ಲ. ಮಕ್ಕಳು ಎರಡು ವರ್ಷ ಹಿರಿಯರ ಹೊಲದಲ್ಲಿ ದುಡಿದರು. ಶಾಲೆ ತೆರೆದ ಮೇಲೆ ನಾವು ಏನು ಮಾಡಿದೆವು? ಪಾಠದ ನಷ್ಟ ತುಂಬಲು ‘ಕಲಿಕಾ ಚೇತರಿಕೆ’ ಎಂಬ ಇಡೀ ವರ್ಷದ ಕಾರ್ಯಕ್ರಮ ಬಂತು, ಅದು ಬೇಕಿತ್ತು. ಆಟದ ಚೇತರಿಕೆ ಎಂಬ ಪದವನ್ನು ಯಾರಾದರೂ ಕೇಳಿದ್ದೀರಾ? ಹತ್ತನೆಯ ತರಗತಿಯ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ಪಟ್ಟಿಯ ಕೊನೆಯ ಸಾಲುಗಳಲ್ಲಿ ಕಾಣಿಸಿಕೊಂಡಾಗಲೆಲ್ಲ ವಿಶೇಷ ತರಗತಿಗಳು ಹೆಚ್ಚುತ್ತವೆ. ಹೆಚ್ಚುವ ತರಗತಿಗೆ ಹೊತ್ತು ಸಿಗುವುದು ಪಿ.ಟಿ. ಪಿರಿಯಡ್‌ನಿಂದ. ಗಣಿತದ ಸರ್ ಬಂದು ಇವತ್ತು ಹೊರಗೆ ಬೇಡ ಅನ್ನುತ್ತಾರೆ. ಹೀಗೆ, ತೀರಿಸಬೇಕಾದವರೇ ಮತ್ತೆ ಸಾಲ ಎತ್ತುತ್ತಿದ್ದಾರೆ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಹೊಟ್ಟೆಗೆ ಇಲ್ಲದ ಮನೆಯಲ್ಲಿ ಆಟದ ಮಾತು ಸೊಗಸಿನ ಮಾತು. ಆ ಮಗುವಿಗೆ ಬೇಕಾದದ್ದು ಅಂಕ, ಅಂಕದಿಂದ ಕೆಲಸ. ಈ ಮಾತಿನ ಹಿಂದಿನ ಕಷ್ಟವನ್ನು ನಾನು ಬಲ್ಲೆ. ಆದರೆ ಅದು ಕೊನೆಗೆ ಹೇಳುವುದೇನೆಂದರೆ, ಬಡವರ ಮಕ್ಕಳ ಹೊತ್ತೆಲ್ಲ ಬೇರೆಯವರದು, ಉಳ್ಳವರ ಮಕ್ಕಳಿಗೆ ಮಾತ್ರ ಸ್ವಂತದ ಹೊತ್ತು. ಉಳ್ಳವರ ಮಕ್ಕಳು ಹಣ ಕಟ್ಟಿ ಸ್ಕೇಟಿಂಗಿಗೂ ಬ್ಯಾಡ್ಮಿಂಟನ್ನಿಗೂ ಹೋಗುತ್ತಾರೆ. ಇಲ್ಲದವರಿಗೆ ಸಿಗುವುದು ಸರ್ಕಾರಿ ಶಾಲೆಯ ಅಂಗಳ ಮಾತ್ರ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದು ಹೇಳಿದ್ದು, ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 31ನೆಯ ವಿಧಿ ವಿರಾಮ ಮತ್ತು ಆಟವನ್ನು ಹಕ್ಕೆಂದು ಕರೆದದ್ದು ಈ ಕಾರಣಕ್ಕೇ ಎಂದು ತಿಳಿಯುತ್ತೇನೆ. ಭಾರತ 1992ರಲ್ಲಿ ಆ ಒಡಂಬಡಿಕೆಯನ್ನು ಒಪ್ಪಿ ಸೇರಿಕೊಂಡಿದೆ, ಕೊರಿಯಾ ಅದಕ್ಕೂ ಒಂದು ವರ್ಷ ಮೊದಲು.

ಈ ಸಾಲದ ಕಷ್ಟವೆಂದರೆ, ಕೊಟ್ಟವರಿಗೇ ಮರಳಿಸಲು ಬರುವುದಿಲ್ಲ. ಶಾಲಾ ಕ್ರೀಡಾಕೂಟಗಳಲ್ಲಿ ಹದಿನಾಲ್ಕರ ಒಳಗಿನವರು, ಹದಿನೇಳರ ಒಳಗಿನವರು ಎಂಬ ಗೆರೆಗಳಿವೆ. 2020ರಲ್ಲಿ ಹದಿನಾರು ತುಂಬಿದವಳು ತಾಲ್ಲೂಕು ಮಟ್ಟದಲ್ಲಿ ಓಡಬೇಕಿದ್ದ ಓಟ ಇನ್ನು ಇಲ್ಲ. ತಪ್ಪಿದ ಪಾಠವನ್ನು ಮುಂದಿನ ವರ್ಷ ಓದಬಹುದು, ತಪ್ಪಿದ ವಯಸ್ಸನ್ನು ಯಾರೂ ಮುಂದಕ್ಕೆ ಹಾಕಲಾರರು. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಆ ವಯಸ್ಸಿನವರೇ ಇರಬಹುದು, ಈಗ ಪದವಿ ತರಗತಿಗಳಲ್ಲೋ ಮೊದಲ ಕೆಲಸದಲ್ಲೋ ಇರುವವರು. ತಂದೆ ತಾಯಿಯ ಋಣವನ್ನು ಅವರಿಗೇ ತೀರಿಸಲಾಗದೆ ನಮ್ಮ ಮಕ್ಕಳಿಗೆ ತೀರಿಸುತ್ತೇವೆ ಎಂಬ ಮಾತು ನಮ್ಮಲ್ಲಿದೆ. ಈ ಋಣಕ್ಕೂ ಅದೇ ದಾರಿ ಉಳಿದಿದೆ: ನಿಮ್ಮ ತಮ್ಮ ತಂಗಿಯರಿಗೆ ತೀರಿಸುವುದು.

ತೀರಿಸಬೇಕಾದದ್ದು ದೊಡ್ಡ ಮೊತ್ತವೇನಲ್ಲ. ವೇಳಾಪಟ್ಟಿಯಲ್ಲಿ ಬರೆದಿರುವ ಪಿ.ಟಿ. ಪಿರಿಯಡ್ ಪಿ.ಟಿ. ಪಿರಿಯಡ್ ಆಗಿಯೇ ನಡೆಯಬೇಕು. ಸಂಜೆ ಶಾಲೆ ಬಿಟ್ಟ ಮೇಲೂ ಒಂದು ಗಂಟೆ ಗೇಟು ತೆರೆದಿರಬೇಕು. ಆ ಒಂದು ಗಂಟೆ ಕೊಡ ತುಂಬುವ ಕೆಲಸ ಮನೆಯ ಹುಡುಗನ ಪಾಲಿಗೆ ಹೋಗಬೇಕು. ಆಡಿ ಏನು ಸಿಕ್ಕಿತು ಎಂದು ಮನೆಗೆ ಬಂದವಳನ್ನು ಯಾರೂ ಕೇಳಬಾರದು.