ಇಪ್ಪತ್ತು ವರ್ಷ ತಡವಾಗಿ ಕೇಳಿದ ಹಾಡು

ಲೇಕ್ ಮಾರ್ಕೆಟ್ಟಿಗೆ ಕನ್ನಡಿಗರು ಬರುವುದು ಕಾಫಿಪುಡಿ, ಕರಿಬೇವು, ಬಾಳೆ ಎಲೆಗಾಗಿ. ನಾನೂ ಹಾಗೇ ಬಂದು ಹೋಗುತ್ತಿದ್ದವನು, ಕೊನೆಗೆ ಇಲ್ಲೇ ಬಾಡಿಗೆ ಮನೆ ಹಿಡಿದೆ. ಕೆಳಗಡೆ ಮನೆಯ ಮಾಲೀಕರಿದ್ದಾರೆ. ಎಪ್ಪತ್ತು ದಾಟಿದವರು, ನಾನು ಅವರನ್ನು ಕಾಕು ಅನ್ನುತ್ತೇನೆ. ಒಂದು ಸಂಜೆ ಅವರು ನನ್ನನ್ನು ಕೂರಿಸಿಕೊಂಡು 1977ರ ಒಂದು ಬಂಗಾಳಿ ರೆಕಾರ್ಡಿನ ಹಾಡುಗಳನ್ನು ಕೇಳಿಸಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ನಾವು ನಕ್ಕಿದ್ದೆವು ಕಣಪ್ಪಾ. ಇದೂ ಒಂದು ಹಾಡೇ ಅಂತ" ಎಂದರು.

ಆ ತಂಡದ ಹೆಸರು 'ಮೊಹೀನೇರ್ ಘೋಡಾಗುಲಿ', ಅಂದರೆ ಮಹೀನನ ಕುದುರೆಗಳು. ಬಂಗಾಳಿಯ ಮೊದಲ ರಾಕ್ ಬ್ಯಾಂಡ್ ಎಂದು ಇವತ್ತು ಹಲವರು ಗುರುತಿಸುವುದು ಇವರನ್ನೇ. ಹೆಸರು ಬಂದದ್ದು ಜೀವನಾನಂದ ದಾಸರ 'ಘೋಡಾ' ಎಂಬ ಕವಿತೆಯಿಂದ. ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದ ರಾಸ್‌ಬಿಹಾರಿ ಅವೆನ್ಯೂದಲ್ಲೇ 1954ರ ಅಕ್ಟೋಬರಿನಲ್ಲಿ ಆ ಕವಿಗೆ ಟ್ರಾಮ್ ಬಡಿದದ್ದು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಅವರು ಬರೆದ ಕಾದಂಬರಿಗಳು ಬೆಳಕಿಗೆ ಬಂದದ್ದು ಸತ್ತ ಮೇಲೆ.

ತಂಡದಲ್ಲಿ ಏಳು ಜನ. ಮುಂದಾಳು ಗೌತಮ್ ಚಟ್ಟೋಪಾಧ್ಯಾಯ, ನಕ್ಸಲ್ ಚಳವಳಿಗೆ ಹೋಗಿ ಜೈಲು ಕಂಡು ಬಂದವರು. ಮೊದಲ ರೆಕಾರ್ಡಿನ ಹೆಸರು 'ಸಂಬಿಗ್ನ ಪಾಖಿಕೂಲ್ ಓ ಕೋಲ್ಕಾತಾ ಬಿಷಯಕ್'. ಕನ್ನಡಿಗರಿಗೆ ಇದು ಅರ್ಧ ಅರ್ಥವಾದೀತು: ಕಳವಳಗೊಂಡ ಪಕ್ಷಿಕುಲ ಮತ್ತು ಕಲ್ಕತ್ತೆಯ ವಿಷಯ. ಮುಂದಿನ ಎರಡು ವರ್ಷಗಳಲ್ಲಿ ಇನ್ನೆರಡು ರೆಕಾರ್ಡು ಬಂದವು. ಊರು ಕಿವಿಗೊಡಲಿಲ್ಲ. 1981ರ ಹೊತ್ತಿಗೆ ತಂಡ ಚದುರಿಹೋಯಿತು.

ಇವತ್ತು ಆ ಹಾಡುಗಳು ನಿಂತಿವೆ. ಯಾಕೆ ನಿಂತಿವೆ? ಹಳೆಯ ನೆನಪಿನ ಮಮತೆಯಿಂದ ಎಂದು ಹೇಳಿಬಿಡಬಹುದು. ಆದರೆ ಆ ನೆನಪು ನನಗಿಲ್ಲ. ನಾನು ಬಂಗಾಳಿಯಲ್ಲ, ಆಗ ಹುಟ್ಟಿಯೂ ಇರಲಿಲ್ಲ. ಆದರೂ 'ಹಾಯ್ ಭಾಲೋಬಾಶಿ' ಕೇಳಿದಾಗ ನನ್ನ ಎದೆಗೂ ತಾಗಿತು. ಧ್ವನಿಮುದ್ರಣ ತೆಳು. ಆದರೆ ಹಾಡುವವರಿಗೆ ಯಾರನ್ನೂ ಮೆಚ್ಚಿಸುವ ಆತುರವಿಲ್ಲ. ಬಾವುಲರ ಧಾಟಿ, ಜಾಝ್, ಗಿಟಾರು, ಪಿಟೀಲು ಎಲ್ಲವೂ ಒಂದೇ ಚಾಪೆಯ ಮೇಲೆ ಕೂತ ಹಾಗಿದೆ. ನಮ್ಮಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಪದಗಳನ್ನು ಗಿಟಾರಿಗೆ ಕೂರಿಸಿದ್ದು 2008ರಲ್ಲಿ. ಇವರು ಅದಕ್ಕೆ ಮೂವತ್ತು ವರ್ಷ ಮೊದಲಿನವರು. ಎಲ್ಲಕ್ಕಿಂತ ಹೆಚ್ಚಾಗಿ, ಈ ರೆಕಾರ್ಡು ಕಲ್ಕತ್ತೆಯನ್ನು ಹೊಗಳುವುದಿಲ್ಲ. ಪ್ರೀತಿಸುತ್ತಲೇ ಕಳವಳಪಡುತ್ತದೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಆ ಕಳವಳ ಹೊಸದಲ್ಲ. ಅದೇ ಊರಲ್ಲಿ ಹುಟ್ಟಿದವರಿಗೂ ಅದಿತ್ತು ಎಂಬುದು ನನಗೆ ಹೊಸದು.

ಆದರೆ ಕಾಕು ಹೇಳಿದ ಮಾತು ನನ್ನನ್ನು ಬಿಡಲಿಲ್ಲ. ಅಂದು ನಕ್ಕವರಿಗೆ ಇಂದು ಕಣ್ಣೊರೆಸಿಕೊಳ್ಳುವ ಹಕ್ಕಿದೆಯೇ?

'ಕಾಲವೇ ತೀರ್ಪು ಕೊಡುತ್ತದೆ' ಎನ್ನುತ್ತೇವೆ. ಈ ಮಾತಿನಲ್ಲಿ ನಮಗೊಂದು ಅನುಕೂಲವಿದೆ. ಕಾಲ ನೋಡಿಕೊಳ್ಳುತ್ತದೆ ಎಂದಾದರೆ ನಾವು ಕೇಳದೆ ಇದ್ದದ್ದು ತಪ್ಪಾಗುವುದಿಲ್ಲ. ಆದರೆ ಕಾಲಕ್ಕೆ ಕಿವಿಯಿಲ್ಲ. ಹಾಡು ಉಳಿದದ್ದು ಯಾರೋ ಅದನ್ನು ಎತ್ತಿಟ್ಟುಕೊಂಡಿದ್ದರಿಂದ, ಇನ್ನೊಬ್ಬರಿಗೆ ಕೇಳಿಸಿದ್ದರಿಂದ. ಹಾಗೆ ಯಾರೂ ಎತ್ತಿಡದ ಎಷ್ಟು ಒಳ್ಳೆಯ ಹಾಡುಗಳು ಹೋದವೋ ಲೆಕ್ಕವಿಲ್ಲ. ನಿಂತದ್ದನ್ನು ನೋಡಿ, ನಿಲ್ಲುವಂಥದ್ದು ನಿಂತೇ ನಿಲ್ಲುತ್ತದೆ ಎನ್ನುವುದು ದಡ ಸೇರಿದವರನ್ನಷ್ಟೇ ಎಣಿಸಿ ನದಿಯನ್ನು ಹೊಗಳಿದ ಹಾಗೆ.

ಈ ತಪ್ಪಿನಲ್ಲಿ ನನಗೂ ಪಾಲಿದೆ. ತಂಡದ ರಂಜನ್ ಘೋಷಾಲ್ ಬೆಂಗಳೂರಿನಲ್ಲಿ ನೆಲೆಸಿ, ನಾಟಕ ಮಾಡಿಸುತ್ತಾ ಬದುಕಿ, 2020ರಲ್ಲಿ ಅಲ್ಲೇ ತೀರಿಕೊಂಡರು. ನಾನು ಕಾಲೇಜು ಓದಿದ್ದು ಅದೇ ಬೆಂಗಳೂರಿನಲ್ಲಿ. ಅವರ ಹೆಸರನ್ನೂ ಕೇಳಿರಲಿಲ್ಲ. ಕೇಳಲು ಕಲ್ಕತ್ತೆಗೆ ಬರಬೇಕಾಯಿತು.

ತಡವಾದ ಮೆಚ್ಚುಗೆ ಸಾಲ ತೀರಿಸುವುದಿಲ್ಲ. ಹಾಗಾದರೆ ತೀರಿಸುವುದು ಹೇಗೆ? ದಾರಿ ತೋರಿಸಿದವರು ಗೌತಮ್ ಅವರೇ. 1995ರಲ್ಲಿ 'ಆಬಾರ್ ಬೊಛೋರ್ ಕುಡಿ ಪೋರೆ' (ಮತ್ತೆ ಇಪ್ಪತ್ತು ವರ್ಷದ ಮೇಲೆ) ಎಂಬ ಸಂಕಲನ ತಂದರು. ಹೊಸ ಹುಡುಗರು ಮುತ್ತಿಕೊಂಡರು. ಹಿಂದಿಯ 'ಗ್ಯಾಂಗ್‌ಸ್ಟರ್' ಚಿತ್ರದ 'ಭೀಗಿ ಭೀಗಿ' ನೀವೆಲ್ಲ ಕೇಳಿರುತ್ತೀರಿ, ಅದರ ಧಾಟಿ ಈ ಸಂಕಲನದ್ದೇ. ಇಷ್ಟು ವರ್ಷ ಕೇಳದಿದ್ದವರ ಮೇಲೆ ಸಿಟ್ಟು ತೀರಿಸಿಕೊಳ್ಳಲು ಅದು ಒಳ್ಳೆಯ ಸಮಯವಾಗಿತ್ತು. ಅವರು ಮಾಡಿದ್ದು ಬೇರೆ. ತಮ್ಮ ತಂಡದ ಹೆಸರಿನಡಿ ಬಂದ ಸಂಕಲನಗಳಲ್ಲಿ, ಇನ್ನೂ ಯಾರಿಗೂ ಗೊತ್ತಿಲ್ಲದ ಹುಡುಗರ ಹಾಡುಗಳಿಗೆ ಜಾಗ ಕೊಟ್ಟರು. ತನಗೆ ಸಿಗದ ಕಿವಿಯನ್ನು ಇನ್ನೊಬ್ಬರಿಗೆ ಕೊಟ್ಟರು. 1999ರಲ್ಲಿ ಅವರು ಹೋದರು.

ಹಾಗಾಗಿ ಈ ರೆಕಾರ್ಡು ಇನ್ನೂ ನಿಂತಿದೆ ಎಂದು ಹೇಳುವುದು ಮೆಚ್ಚುಗೆ ಮಾತ್ರವಲ್ಲ, ಒಂದು ಜವಾಬ್ದಾರಿಯನ್ನು ಒಪ್ಪಿಕೊಂಡ ಹಾಗೆ. ನಮ್ಮ ಪಕ್ಕದಲ್ಲಿ ಈಗ ಹಾಡುತ್ತಿರುವವರು ಯಾರು, ನಾವು ನಗುತ್ತಿರುವುದು ಯಾರನ್ನು ನೋಡಿ?

ನನ್ನ ಮಟ್ಟಿಗೆ ಉತ್ತರ ಮೇಲಿನ ಮಹಡಿಯಲ್ಲೇ ಇದೆ. ಅಲ್ಲೊಬ್ಬ ಹುಡುಗ ರಾತ್ರಿ ಗಿಟಾರು ಹಿಡಿದು ತನ್ನದೇ ಹಾಡು ಕಟ್ಟುತ್ತಾನೆ. ಹೋದ ವರ್ಷ ಬಾಗಿಲು ತಟ್ಟಿ, ನಿದ್ದೆ ಕೆಡುತ್ತದೆ ಎಂದು ಬೈದು ಬಂದವನು ನಾನೇ. ಅವನು 'ಸಾರಿ ಕಾಕು' ಅಂದಿದ್ದ. ಮೊನ್ನೆ ಮತ್ತೆ ಶುರುವಾಯಿತು. ಕಿಟಕಿ ಮುಚ್ಚಲು ಎದ್ದವನು ಹಾಗೇ ನಿಂತೆ. ಹಾಡು ಅಷ್ಟೇನೂ ಚೆನ್ನಾಗಿರಲಿಲ್ಲ. ಕೊನೆಯವರೆಗೂ ಕೇಳಿದೆ.