ಎಣಿಸದೆ ಬಂದ ಶ್ರಮೆಯೂ ವಿಶ್ವಾಸಿಯ ಲಂಗರವೂ



ಮುಂಗಾರು ಹಿಡಿದರೆ ಕುಮಾರಧಾರೆ ತುಂಬುವದೆಂದು ನಮ್ಮ ಕಡಬದ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹೊಸ್ಮಠದ ಹಳೇ ಮುಳುಗು ಸೇತುವೆಯ ಮೇಲೆ ನೀರು ಏರಿದಾಗ ಈಚೆಯವರು ಈಚೆಗೂ ಆಚೆಯವರು ಆಚೆಗೂ ನಿಂತು ಇಳಿಯುವ ತನಕ ಕಾದುಕೊಂಡಿರುತ್ತಿದ್ದರು. ಅದಕ್ಕಾಗಿ ಯಾರೂ ದೇವರ ಮೇಲೆ ಗುಣುಗುಟ್ಟಲಿಲ್ಲ. ಹೊತ್ತು ತಿಳಿದು ಬರುವ ಕಷ್ಟಕ್ಕೆ ಮನುಷ್ಯನು ಅಕ್ಕಿಯನ್ನೂ ಕಟ್ಟಿಗೆಯನ್ನೂ ಕೂಡಿಸಿಟ್ಟು ಸಿದ್ಧನಾಗುವನು. ಆದರೆ ಎಣಿಸದೆ ಇದ್ದಾಗ ಬರುವ ಶ್ರಮೆಯು ಮನೆಯ ಮಾಡನ್ನು ಮಾತ್ರವಲ್ಲ, ನಂಬಿಕೆಯ ಅಸ್ತಿವಾರವನ್ನು ಸಹ ಅಲುಗಿಸುವದು. ಅದರ ವಿಷಯವಾಗಿಯೇ ಈ ಸಾರಿ ನಿಮ್ಮ ಸಂಗಡ ಆಲೋಚಿಸಬೇಕೆಂದಿದ್ದೇನೆ.

ಕೆಲವು ವರುಷಗಳ ಹಿಂದೆ ನಾನು ಸಂದರ್ಶಿಸುತ್ತಿದ್ದ ಒಂದು ಊರಿನಲ್ಲಿ, ಸಭೆಯ ಒಬ್ಬ ಗೃಹಸ್ಥನು ಕೊಳೆರೋಗಕ್ಕೆ ಮದ್ದು ಬಿಡುವದಕ್ಕೋಸ್ಕರ ಅಡಿಕೆ ಮರವನ್ನು ಏರಿದ್ದನು. ಮರವು ಮುರಿಯಿತು, ಆತನು ಬಿದ್ದು ತೀರಿಹೋದನು. ಆ ದಿನ ಮುಂಜಾನೆ ಮನೆಯವರೆಲ್ಲರೂ ಕೂಡಿ ಪ್ರಾರ್ಥನೆ ಮಾಡಿಯೇ ತೋಟಕ್ಕೆ ಇಳಿದಿದ್ದರು. ಸಮಾಧಿಯಾಗಿ ಮೂರನೆಯ ದಿನ ನಾನು ಹೋದಾಗ ಆತನ ಹೆಂಡತಿಯು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. “ಉಪದೇಶಿಗಳೇ, ದೈವಗಳನ್ನು ಬಿಟ್ಟದ್ದರ ಫಲ ಇದು ಅಂತ ನೆರೆಯವರು ಹೇಳುತ್ತಾರೆ. ಗುಟ್ಟಿನ ಪಾಪ ಏನೋ ಇದ್ದಿರಬೇಕು ಅಂತ ನಮ್ಮ ಸಭೆಯವರೇ ಹೇಳುತ್ತಾರೆ. ನೀವು ಏನು ಹೇಳುತ್ತೀರಿ?” ಎಂದು ಕೇಳಿದಳು.

ನಾನು ಸೆಮಿನೆರಿಯಲ್ಲಿ ಈ ಪ್ರಶ್ನೆಗೆ ನಾಲ್ಕಾರು ಉತ್ತರಗಳನ್ನು ಕಲಿತವನು. ಆ ಹೊತ್ತು ಒಂದೂ ನಾಲಿಗೆಗೆ ಬರಲಿಲ್ಲ. “ಅಕ್ಕಾ, ನನಗೆ ತಿಳಿಯದು” ಎಂದು ಹೇಳಿ ಸುಮ್ಮನೆ ಕೂತುಕೊಂಡೆನು. ಆ ಮೇಲೆ ಯೋಚಿಸಿದಾಗ, ಹಾಗೆ ಕೂತದ್ದು ತಪ್ಪಲ್ಲವೆಂದು ತೋಚಿತು. ಯೋಬನ ಸ್ನೇಹಿತರು ಏಳು ದಿನ ಮಾತಾಡದೆ ಆತನ ಬಳಿಯಲ್ಲಿ ನೆಲದ ಮೇಲೆ ಕೂತಿದ್ದ ತನಕ ಒಳ್ಳೇ ಸ್ನೇಹಿತರೇ ಆಗಿದ್ದರು. ಬಾಯಿ ತೆರೆದು ಕಾರಣ ಹೇಳ ತೊಡಗಿದಾಗಲೇ ಅವರು ಕೆಟ್ಟರು.

ವಾಚಕರೇ, ಆ ಎರಡು ಮಾತುಗಳನ್ನು ತೂಗಿ ನೋಡಿರಿ. ದೈವಗಳನ್ನು ಬಿಟ್ಟದ್ದರಿಂದ ಎಂದವರೂ ಗುಟ್ಟಿನ ಪಾಪದಿಂದ ಎಂದವರೂ ಬೇರೆ ಬೇರೆ ದೇವಾರಾಧನೆಯುಳ್ಳವರು. ಆದರೂ ಅವರ ಲೆಕ್ಕದ ಪುಸ್ತಕ ಒಂದೇ. ನೋವೆಂಬದು ಸಾಲದ ವಸೂಲಿ. ನೋವು ಬಂದಲ್ಲಿ ಸಾಲವಿದ್ದೇ ಇರಬೇಕು ಎಂಬದೇ ಇಬ್ಬರ ಮತ. ನಾವು ದೇವಾಲಯದಲ್ಲಿ ಕೂತುಕೊಂಡು ಈ ಮಾತನ್ನು ಆಡಿದರೆ, ಬಾಯಿಂದ ಕರ್ತನನ್ನು ಅರಿಕೆಮಾಡಿಯೂ ಮನಸ್ಸಿನಲ್ಲಿ ಹಳೇ ಭಯವನ್ನೇ ಇಟ್ಟುಕೊಂಡವರಾಗುವೆವು. ಸಿಲೋವದಲ್ಲಿ ಬುರುಜು ಬಿದ್ದು 18 ಮಂದಿ ಸತ್ತ ಸಂಗತಿಯನ್ನು ಕರ್ತನು ತಾನೇ ಎತ್ತಿ ಹೇಳಿ, ಅವರು ಯೆರೂಸಲೇಮಿನ ಮಿಕ್ಕವರಿಗಿಂತ ಹೆಚ್ಚು ಅಪರಾಧಿಗಳಲ್ಲವೆಂದು ತೀರ್ಪು ಕೊಟ್ಟನಷ್ಟೆ. ಹುಟ್ಟು ಕುರುಡನ ವಿಷಯದಲ್ಲಿಯೂ ಶಿಷ್ಯರು ಪಾಪಿ ಯಾರೆಂದು ಕೇಳಿದಾಗ ಆತನು ಅವರ ಲೆಕ್ಕವನ್ನು ಒಪ್ಪಲಿಲ್ಲ.

ಹಾಗಾದರೆ ಪ್ರಾರ್ಥನೆಯಿಂದ ಏನು ಪ್ರಯೋಜನ? ಪ್ರಾರ್ಥಿಸಿದವನೂ ಬಿದ್ದನಲ್ಲಾ ಎಂದು ಒಬ್ಬನು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಕೇಳಿದವನನ್ನು ಅವಿಶ್ವಾಸಿಯೆಂದು ಗದರಿಸಬಾರದು. ಗೆತ್ಸೇಮನೆಯಲ್ಲಿ ಮಗನೇ ಮೂರು ಸಾರಿ ಬೇಡಿಕೊಂಡರೂ ಪಾತ್ರೆಯು ತೊಲಗಲಿಲ್ಲ. ಅದನ್ನು ಕುಡಿಯುವದಕ್ಕೆ ಬಲವು ಬಂತು. ಪೌಲನು ಮೂರು ಸಾರಿ ಬೇಡಿದರೂ ಶರೀರದ ಮುಳ್ಳು ಹೋಗಲಿಲ್ಲ. ಸಾಕಾಗುವಷ್ಟು ಕೃಪೆ ದೊರಕಿತು. ಆದದರಿಂದ ಪ್ರಾರ್ಥನೆಯು ಮಳೆ ಬಾರದಂತೆ ಕಟ್ಟುವ ಮಂತ್ರವಲ್ಲ. ಮಳೆಯಲ್ಲಿ ಜೊತೆಗೆ ನಡೆಯುವ ತಂದೆಯ ಕೈಯನ್ನು ಹಿಡಿಯುವದೇ ಪ್ರಾರ್ಥನೆ.

ಇನ್ನು, ಕೈ ಹಿಡಿದವನು ಕೈಕಟ್ಟಿ ಕೂತಿರಬೇಕೋ? ಇದಕ್ಕೆ ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯಕ್ಕಿಂತ ಒಳ್ಳೇ ಉತ್ತರವನ್ನು ನಾನು ಕಾಣೆನು. ಹಡಗಿನಲ್ಲಿ 276 ಮಂದಿ. ಹದಿನಾಲ್ಕು ದಿನಗಳಿಂದ ಬಿರುಗಾಳಿ. ಯಾರ ಪ್ರಾಣವೂ ಹೋಗದೆಂಬ ವಾಗ್ದಾನ ಪೌಲನಿಗೆ ದೊರಕಿಯಾಗಿತ್ತು. ಹೀಗಿರಲಾಗಿ ಆತನು ನಿಶ್ಚಿಂತೆಯಿಂದ ಮಲಗಬಹುದಾಗಿತ್ತು. ಆದರೆ ನಾವಿಕರು ಓಡಿಹೋಗದಂತೆ ನೋಡಿದವನೂ ಹಸಿದವರಿಗೆ ಊಟಮಾಡಲು ಬುದ್ಧಿ ಹೇಳಿದವನೂ ಆತನೇ. ರಾತ್ರಿಯಲ್ಲಿ ಅವರು ಹಿಂಭಾಗದಿಂದ ನಾಲ್ಕು ಲಂಗರಗಳನ್ನು ಬಿಟ್ಟು ಬೆಳಗಾಗುವದನ್ನೇ ಹಾರೈಸುತ್ತಿದ್ದರು. ಹಡಗು ಉಳಿಯಲಿಲ್ಲ, ಜನರು ಉಳಿದರು, ಕೆಲವರು ಬರೇ ಹಲಿಗೆಗಳನ್ನು ಹಿಡಿದುಕೊಂಡು ದಡ ಸೇರಿದರು. ವಾಗ್ದಾನವನ್ನು ನಂಬಿದ್ದರಿಂದಲೇ ಕೆಲಸವು ನಡೆಯಿತು. ನಂಬದವರು ಓಡಿಹೋಗಲು ನೋಡಿದರು.

ನಮ್ಮ ಸಭೆಗಳ ಚರಿತ್ರೆಯೂ ಇದನ್ನೇ ಕಲಿಸುವದು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಸ್ನಾನ ಹೊಂದಿದವರಲ್ಲಿ ಅನೇಕರು ಮನೆಯನ್ನೂ ಕಸುಬನ್ನೂ ಕಳಕೊಂಡದ್ದರಿಂದ ಅವರ ಜೀವನಕ್ಕಾಗಿ ನೇಯ್ಗೆಯ ಕೆಲಸವೂ, 1865ರಲ್ಲಿ ಹಂಚಿನ ಕಾರ್ಖಾನೆಯೂ ಹುಟ್ಟಿದವು. ಹೀಗೆ ಎಂಭತ್ತು ವರುಷ ಕಟ್ಟಿದ ಮೇಲೆ 1914ರಲ್ಲಿ ಯುರೋಪಿನಲ್ಲಿ ಮಹಾಯುದ್ಧವು ಎದ್ದಿತು. ಜರ್ಮನ್ ಮಿಶನೆರಿಗಳು ಬಂಧನದಲ್ಲಿಡಲ್ಪಟ್ಟು ಕಡೆಗೆ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಹೋದವು. ಈ ಕರಾವಳಿಯ ಕ್ರೈಸ್ತರು ಆ ಯುದ್ಧದಲ್ಲಿ ಯಾವ ಪಾಲನ್ನು ಕೇಳಿಕೊಂಡಿದ್ದರು? ಇದು ಯಾರ ಗುಟ್ಟಿನ ಪಾಪದ ಫಲ? ಆದರೂ ಆದಿತ್ಯವಾರದ ಗಂಟೆಯು ನಿಲ್ಲಲಿಲ್ಲ. ದೇಶೀಯ ಬೋಧಕರೂ ಉಪದೇಶಿಗಳೂ ಹಿರಿಯರೂ ಹೊರೆಗೆ ಹೆಗಲು ಕೊಟ್ಟರು. ಹಡಗು ಒಡೆಯಿತು, ಜನರು ದಡ ಸೇರಿದರು.

ಶ್ರಮೆಗಳಲ್ಲಿಯೂ ಎರಡು ವಿಧ ಉಂಟೆಂದು ತೋಟವೇ ನಮಗೆ ಕಲಿಸುವದು. ಕೊಳೆರೋಗಕ್ಕೆ ಮದ್ದು ಉಂಟು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗೆ ಮುಂಚೆ ಒಂದು ಸಾರಿ, 40–45 ದಿನಗಳ ಮೇಲೆ ಇನ್ನೊಂದು ಸಾರಿ ಬಿಡಬೇಕು. ಇದನ್ನು ಮಾಡದೆ ದೇವರು ಕಾಯುವನೆಂದು ಕೂತಿರುವದು ನಂಬಿಕೆಯಲ್ಲ, ಸೋಮಾರಿತನವೇ. ಆದರೆ ಸುಳ್ಯದ ಸಂಪಾಜೆಯ ಕಡೆಯಲ್ಲಿ ತೋಟಗಳನ್ನೇ ತಿಂದುಬಿಟ್ಟ ಹಳದಿ ಎಲೆ ರೋಗಕ್ಕೆ ಪೂರ್ಣ ಗುಣಮಾಡುವ ಮದ್ದು ದೊರಕಲಿಲ್ಲ. ಅಲ್ಲಿ ಅನೇಕರು ಅಜ್ಜಂದಿರ ಕಾಲದ ತೋಟವು ಒಣಗುವದನ್ನು ನೋಡಿ ಬೇರೆ ಬೆಳೆಗೆ ಕೈಹಾಕಿದ್ದಾರೆ. ಮೊದಲನೆಯದಕ್ಕೆ ಶ್ರದ್ಧೆಯುಳ್ಳ ಕೈ ಬೇಕು. ಎರಡನೆಯದಕ್ಕೆ ಬಿಟ್ಟುಕೊಡುವ ಮನಸ್ಸು ಬೇಕು. ಯಾವದು ಯಾವದೆಂದು ತಿಳುಕೊಳ್ಳುವ ಜ್ಞಾನವನ್ನು ದಿನಾಲೂ ಬೇಡಿಕೊಳ್ಳಬೇಕು. ಅಂಜೂರದ ಮರವು ಚಿಗುರದೆ ಹಟ್ಟಿಯಲ್ಲಿ ದನಗಳಿಲ್ಲದೆ ಹೋದರೂ ದೇವರಲ್ಲಿ ಸಂತೋಷಪಡುವೆನೆಂದ ಹಬಕ್ಕೂಕನು ಇಂಥಾ ತೋಟದ ಅಂಚಿನಲ್ಲಿ ನಿಂತವನೇ ಸರಿ.

ಆ ವಿಧವೆಯ ಮಾತಿಗೆ ತಿರಿಗಿ ಬರುವೆನು. ಗಂಡನು ಸತ್ತದ್ದು ಮೊದಲನೆಯ ಮದ್ದಿನ ಸಮಯದಲ್ಲಿ. ಎರಡನೆಯ ಮದ್ದಿನ ದಿನಗಳು ಹತ್ತಿರವಾಗುತ್ತಾ ಬಂದವು, ಮಕ್ಕಳು ಚಿಕ್ಕವರು. ಮಳೆ ಸ್ವಲ್ಪ ಬಿಟ್ಟ ಒಂದು ಶನಿವಾರ ಸಭೆಯ ನಾಲ್ವರು ಯೌವನಸ್ಥರು ನೆಲದಲ್ಲಿಯೇ ನಿಂತು ಬಿಡುವದಕ್ಕಾಗುವ ಉದ್ದವಾದ ದೋಟಿಯನ್ನು ಸಾಲ ತಂದು ಇಡೀ ತೋಟಕ್ಕೆ ಮದ್ದು ಬಿಟ್ಟರು. ಗುಟ್ಟಿನ ಪಾಪವೆಂದು ಆಡಿದ್ದವನೊಬ್ಬನು ಅವರಲ್ಲಿ ಇದ್ದನು. ಸಂಜೆಗೆ ಆಕೆಯ ಮುಂದೆ ತಲೆ ತಗ್ಗಿಸಿ ನಿಂತನು. ನೆರೆಮನೆಯವನು ಸಹ ಕರೆಯದೆ ಬಂದು ಸುಣ್ಣ ಕದಡಿ ಕೊಟ್ಟನು. ಆಕೆ ಎಲ್ಲರಿಗೂ ಗಂಜಿ ಬಡಿಸಿದಳು. ನನ್ನ ಹತ್ತಿರ ಬಂದು, “ಯಾಕೆ ಹೀಗಾಯಿತು ಅಂತ ಈಗಲೂ ತಿಳಿಯದು, ಉಪದೇಶಿಗಳೇ. ಆದರೆ ಆತನು ನಮ್ಮನ್ನು ಬಿಟ್ಟಿಲ್ಲ ಅಂತ ತಿಳಿಯಿತು” ಅಂದಳು.

ಆದಕಾರಣ ಪ್ರಿಯರೇ, ನೆರೆಯವನಿಗೆ ಎಣಿಸದ ಶ್ರಮೆ ಬಂದಾಗ ಕಾರಣವನ್ನು ಹುಡುಕದಿರ್ರಿ. ಆತನ ತೋಟದಲ್ಲಿ ಯಾವ ಕೆಲಸ ಉಳಿದಿದೆಯೆಂದು ನೋಡಿರಿ. ನಿಮಗೇ ಬಂದರೆ, ಉತ್ತರ ದೊರಕದ ರಾತ್ರಿಯಲ್ಲಿ ಲಂಗರವನ್ನು ಬಿಟ್ಟು ಬೆಳಗನ್ನು ಹಾರೈಸಿರಿ. ಯಾಕಂದರೆ ನಮ್ಮ ಲಂಗರವು ನಮ್ಮ ಬಲದಲ್ಲಿಯಾಗಲಿ ನಮ್ಮ ತಿಳುವಳಿಕೆಯಲ್ಲಿಯಾಗಲಿ ನೆಟ್ಟದ್ದಲ್ಲ, ಶಿಲುಬೆಯ ಮೇಲೆ ತಾನೇ ಶ್ರಮೆಪಟ್ಟು ಎದ್ದು ಬಂದಾತನಲ್ಲಿಯೇ ನೆಟ್ಟದ್ದು. ಆತನ ಸಮಾಧಾನವು ನಿಮ್ಮೆಲ್ಲರ ಮನೆಗಳಲ್ಲಿ ಇರಲಿ.