ಮಂಜಿನಲ್ಲಿ ಹದಿನಾಲ್ಕು ಹಡಗು

ಹೊನ್ನಾವರದ ರಾಮಚಂದ್ರ ಸರಕು ಹಡಗುಗಳಲ್ಲಿ ಚೀಫ್ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಈಗ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಮಗಳ ಮನೆಯಲ್ಲಿದ್ದಾರೆ. ರಜೆಗೆ ಬಂದಿರುವ ಅಕ್ಕನ ಮಗಳು ಸುಮಿತ್ರಾ ಮೈಸೂರಿನ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಾಳೆ. ಲೊಂಪಾಕ್ ಪಟ್ಟಣದ ಯೋಧರ ಸ್ಮಾರಕ ಭವನದ ಹೊರಗೆ ಹಡಗೊಂದರ ಪ್ರೊಪೆಲ್ಲರ್ ಇಟ್ಟಿದ್ದಾರೆ. ಮಂಜಿನಲ್ಲಿ ಬಂಡೆಗೆ ಬಡಿದು ಒಡೆದ ಡೆಲ್ಫಿ ಎಂಬ ಅಮೆರಿಕನ್ ಡಿಸ್ಟ್ರಾಯರಿನದು ಅದು. ಅದನ್ನು ನೋಡುತ್ತ ಈ ಮಾತು ಶುರುವಾಯಿತು.

ಸುಮಿತ್ರಾ: ಮಂಜಿನಲ್ಲಿ ಒಂದು ಹಡಗು ದಾರಿ ತಪ್ಪಿತು ಅಂದರೆ ಅರ್ಥವಾಗುತ್ತದೆ ಮಾವ. ಏಳು ಹಡಗು, ಕೆಲವೇ ನಿಮಿಷಗಳಲ್ಲಿ, ಒಂದೇ ಬಂಡೆಸಾಲಿಗೆ ಹೋಗಿ ಬಡಿದದ್ದು ಹೇಗೆ?

ಮಾವ: ಒಂದರ ಹಿಂದೆ ಒಂದು ಹೋಗಲಿ ಎಂದೇ ಅವನ್ನು ಕಟ್ಟಿದ್ದು. ಟಾರ್ಪೆಡೊ ಬಂದ ಮೇಲೆ ದೊಡ್ಡ ಯುದ್ಧನೌಕೆಗಳಿಗೆ ಸಣ್ಣ ದೋಣಿಗಳ ಭಯ ಹಿಡಿಯಿತು. ಆ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಲು ಅವಕ್ಕಿಂತ ತುಸು ದೊಡ್ಡದಾದ, ಅಷ್ಟೇ ವೇಗದ ಹಡಗು ಬೇಕಾಯಿತು, ಅದೇ ಡಿಸ್ಟ್ರಾಯರ್. ಸ್ಪೇನ್ ಜೊತೆ ಯುದ್ಧವಾದ 1898ರಲ್ಲಿ ಅಮೆರಿಕದ ಸಂಸತ್ತು ಅಂಥ 16 ಹಡಗುಗಳಿಗೆ ಒಪ್ಪಿಗೆ ಕೊಟ್ಟಿತು. ಮೊದಲ ಹೆಸರು ಬೇನ್‌ಬ್ರಿಜ್‌ನದು. 1902ರಲ್ಲಿ ಸೇವೆಗೆ ಬಂತು. 420 ಟನ್, 250 ಅಡಿ ಉದ್ದ, ಕಲ್ಲಿದ್ದಲ ಬಾಯ್ಲರ್, 29 ನಾಟ್ ವೇಗ. ಆಮೇಲೆ ಸ್ಮಿತ್ ವರ್ಗಕ್ಕೆ ಟರ್ಬೈನ್ ಬಂತು, ಪಾಲ್ಡಿಂಗ್ ವರ್ಗಕ್ಕೆ ಕಲ್ಲಿದ್ದಲ ಬದಲು ಎಣ್ಣೆ. ಬಾಯ್ಲರಿಗೆ ಸಲಿಕೆಯಲ್ಲಿ ಕಲ್ಲಿದ್ದಲು ತುಂಬುವ ಕೆಲಸ ನಿಂತಿತಲ್ಲ, ನನ್ನಂಥವನಿಗೆ ಅದಕ್ಕಿಂತ ದೊಡ್ಡ ಸುದ್ದಿ ಇಲ್ಲ.

ಸುಮಿತ್ರಾ: ಡೆಲ್ಫಿ ಯಾವ ಕಾಲದ್ದು?

ಮಾವ: ಮೊದಲ ಮಹಾಯುದ್ಧದ ಅವಸರದ ಕೂಸು. ಅಟ್ಲಾಂಟಿಕ್ ತುಂಬ ಜರ್ಮನ್ ಸಬ್‌ಮರೀನ್‌ಗಳು. ಸರಕು ಹಡಗುಗಳಿಗೆ ಕಾವಲು ಬೇಕು, ಕಾವಲಿಗೆ ಡಿಸ್ಟ್ರಾಯರ್ ಬೇಕು. ಡೆಕ್ ಮುಂದಿನಿಂದ ಹಿಂದಿನವರೆಗೆ ಒಂದೇ ಮಟ್ಟದಲ್ಲಿರುವ, ಹೆಚ್ಚಿನವಕ್ಕೆ ನಾಲ್ಕು ಚಿಮಣಿ ಇರುವ ಹಡಗು 273 ಕಟ್ಟಿದರು. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಮೇರ್ ಐಲೆಂಡ್‌ನಲ್ಲಿ ವಾರ್ಡ್ ಎಂಬ ಹಡಗಿನ ತಳಪಟ್ಟಿ ಹಾಕಿದ್ದು 1918ರ ಮೇ 15ಕ್ಕೆ, ಅದನ್ನು ನೀರಿಗೆ ಇಳಿಸಿದ್ದು ಜೂನ್ 1ಕ್ಕೆ! ಡೆಲ್ಫಿ ಈ ಗುಂಪಿನ ಕ್ಲೆಮ್ಸನ್ ವರ್ಗದ್ದು. 314 ಅಡಿ ಉದ್ದ, ಅಗಲ ಸುಮಾರು 31 ಅಡಿ, ತೂಕ 1,200 ಟನ್. ಅದಕ್ಕೆ 26,000ಕ್ಕೂ ಮಿಕ್ಕಿದ ಅಶ್ವಶಕ್ತಿ, 35 ನಾಟ್ ವೇಗ. ಕವಚ ಅನ್ನುವುದೇ ಇಲ್ಲ, ತೆಳು ತಗಡು. ಇದರ ರಕ್ಷಣೆಯೆಲ್ಲ ಓಟದಲ್ಲೇ. ಒಂಟಿಯಾಗಿ ಇಂಥ ಹಡಗು ದುರ್ಬಲ. ಸಾಲುಗಟ್ಟಿ, ಮುಂದಿನದರ ಹಿಂದೆ ಬಿಡದೆ ಓಡಿ, ಒಟ್ಟಿಗೆ ತಿರುಗಿ ಟಾರ್ಪೆಡೊ ಬಿಟ್ಟರೆ ಮಾತ್ರ ಅದಕ್ಕೆ ಬೆಲೆ. ಹಾಗಾಗಿ ನಾಯಕ ತಿರುಗಿದರೆ ತಿರುಗು, ಯಾಕೆಂದು ಕೇಳಬೇಡ ಅನ್ನುವುದನ್ನು ಅಲ್ಲಿನ ಅಧಿಕಾರಿಗಳಿಗೆ ಮೈಗೂಡಿಸಿದ್ದರು.

ಸುಮಿತ್ರಾ: ಅಂದರೆ ವಿಧೇಯತೆ ಹಡಗಿನ ಆಕಾರದಲ್ಲೇ ಇತ್ತು ಅನ್ನುತ್ತೀರಿ. ಇದು ನನಗೆ ಹೆದರಿಕೆ ಹುಟ್ಟಿಸುವ ಮಾತು. ಆ ರಾತ್ರಿ ಏನಾಯಿತು ಹೇಳಿ.

ಮಾವ: 1923ರ ಸೆಪ್ಟೆಂಬರ್ 8. ಕ್ಯಾಪ್ಟನ್ ಎಡ್ವರ್ಡ್ ವಾಟ್ಸನ್ ಕೈಕೆಳಗೆ 14 ಡಿಸ್ಟ್ರಾಯರುಗಳು ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಸ್ಯಾನ್ ಡಿಯಾಗೊಗೆ ಹೊರಟವು. ಯುದ್ಧ ಮುಗಿದ ಮೇಲೆ ಎಣ್ಣೆ ಉಳಿಸಲು ವೇಗಕ್ಕೆ ಮಿತಿ ಹಾಕಿದ್ದರು. ಅವತ್ತು 20 ನಾಟ್ ಓಡಿಸಿ ಯಂತ್ರ ಪರೀಕ್ಷಿಸುವ ಅವಕಾಶ ಸಿಕ್ಕಿತ್ತು, ಎಲ್ಲರಿಗೂ ಹುರುಪು. ಮಧ್ಯಾಹ್ನದ ಹೊತ್ತಿಗೆ ಪಿಜನ್ ಪಾಯಿಂಟ್ ದೀಪಸ್ತಂಭ ಕಂಡದ್ದೇ ಕೊನೆ, ಆಮೇಲೆ ಮಂಜು. ಮುಂದಿದ್ದ ಡೆಲ್ಫಿಯಲ್ಲಿ ಲೆಕ್ಕ ಹಾಕುತ್ತ ಹೋದರು: ಇಂಥ ದಿಕ್ಕು, ಇಂಥ ವೇಗ, ಇಷ್ಟು ಗಂಟೆ, ಆದ್ದರಿಂದ ನಾವು ಇಂಥಲ್ಲಿ. ರಾತ್ರಿ 9ಕ್ಕೆ, ಸಾಂತಾ ಬಾರ್ಬರಾ ಕಾಲುವೆಯ ಬಾಯಿಗೆ ಬಂದೆವು ಎಂದು ಎಡಕ್ಕೆ, ಪೂರ್ವಕ್ಕೆ ತಿರುಗಿದರು. ಕಾಲುವೆ ಇನ್ನೂ ಮುಂದಿತ್ತು. 9 ಗಂಟೆ 5 ನಿಮಿಷಕ್ಕೆ ಹೋಂಡಾ ಎಂಬಲ್ಲಿಯ ಬಂಡೆ.

ಸುಮಿತ್ರಾ: ಲೆಕ್ಕ ಎಲ್ಲಿ ತಪ್ಪಿತು?

ಮಾವ: ವಾರದ ಹಿಂದೆ ಜಪಾನಿನಲ್ಲಿ ಆದ ಭಾರಿ ಭೂಕಂಪದಿಂದ ಪ್ರವಾಹಗಳು ಕೆಟ್ಟಿದ್ದವು ಎಂಬ ವಾದವಿದೆ. ಅದೇ ದಿನ ಕ್ಯೂಬಾ ಎಂಬ ಪ್ರಯಾಣಿಕರ ಹಡಗೂ ಇದೇ ನೀರಿನಲ್ಲಿ ಸ್ಯಾನ್ ಮಿಗೆಲ್ ದ್ವೀಪಕ್ಕೆ ಬಡಿಯಿತು, ಹಾಗಾಗಿ ಆ ವಾದವನ್ನು ತಳ್ಳಿಹಾಕಲಾರೆ. ಆದರೆ ನಾನು ಎಂಜಿನ್ ರೂಮಿನವನು, ನನ್ನ ಕಣ್ಣು ಇದರ ಮೇಲೆ. (ಪ್ರೊಪೆಲ್ಲರಿನ ಅಲಗಿನ ಮೇಲೆ ಕೈಯಿಟ್ಟು) ವೇಗವನ್ನು ಅವರು ಇದರ ಸುತ್ತು ಎಣಿಸಿ ತಿಳಿದುಕೊಳ್ಳುತ್ತಿದ್ದರು. ನಿಮಿಷಕ್ಕೆ ಇಷ್ಟು ಸುತ್ತಾದರೆ ಇಷ್ಟು ನಾಟ್. ಹಿಂದಿನಿಂದ ಅಲೆ ಬಂದು ಹಡಗಿನ ಹಿಂಭಾಗ ಎತ್ತಿದಾಗ ಇದರ ಅಲಗು ನೀರಿನ ಮೇಲೆ ಬಂದು ಗಾಳಿಯನ್ನು ಕಡೆಯುತ್ತದೆ. ಯಂತ್ರ ಒಮ್ಮೆಲೇ ಹಗುರಾಗಿ ಕಿರುಚುತ್ತದೆ, ಕಾಲಡಿಯ ಕಬ್ಬಿಣದ ಹಲಗೆ ನಡುಗುತ್ತದೆ. ಆ ಸುತ್ತೂ ಲೆಕ್ಕಕ್ಕೆ ಸೇರುತ್ತದೆ. ದಾರಿ ಮಾತ್ರ ಸಾಗಿರುವುದಿಲ್ಲ.

ಸುಮಿತ್ರಾ: ನಮ್ಮ ತರ್ಕದವರ ಮುಂದೆ ಇದನ್ನು ಇಟ್ಟರೆ ಅವರು ಕೇಳುವ ಮೊದಲ ಪ್ರಶ್ನೆ, ಪ್ರಮಾಣ ಯಾವುದು, ಅಂದರೆ ಯಾವ ದಾರಿಯಿಂದ ತಿಳಿದದ್ದು ಅಂತ. ಸುತ್ತಿನಿಂದ ದೂರ ಊಹಿಸಿದ್ದು ಅನುಮಾನ. ಮಂಜು ಕಣ್ಣನ್ನು ಕಟ್ಟಿತು, ಹಾಗಾಗಿ ಪ್ರತ್ಯಕ್ಷ ಇಲ್ಲ. ಉಳಿದದ್ದು ಶಬ್ದ, ನಂಬಬಹುದಾದವನ ಮಾತು. ಅಂಥ ಮಾತು ಹೇಳುವವರು ಯಾರೂ ಇರಲಿಲ್ಲವೇ?

ಮಾವ: ಇದ್ದರು! ಸಂಕಟ ಇರುವುದೇ ಅಲ್ಲಿ. ಪಾಯಿಂಟ್ ಆರ್ಗ್ವೆಲೊದಲ್ಲಿ ನೌಕಾಪಡೆಯದೇ ರೇಡಿಯೋ ಕೇಂದ್ರ ಇತ್ತು. ಹಡಗಿನ ಸಂಕೇತ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಅಳೆದು ಹೇಳುತ್ತಿದ್ದರು. ನೀವು ನಮ್ಮ ಉತ್ತರಕ್ಕಿದ್ದೀರಿ ಎಂದರು. ಡೆಲ್ಫಿಯವರ ಲೆಕ್ಕದಲ್ಲಿ ಅವರು ಆಗಲೇ ಕೇಂದ್ರವನ್ನು ದಾಟಿ ದಕ್ಷಿಣಕ್ಕೆ ಬಂದಿದ್ದರು. ಆಗಿನ ಯಂತ್ರ ಹೊಸದು, ಸಂಕೇತ ಬರುವ ಗೆರೆಯನ್ನು ಹೇಳುತ್ತಿತ್ತು, ಗೆರೆಯ ಯಾವ ತುದಿ ಎಂಬಲ್ಲಿ ಗೊಂದಲಕ್ಕೆ ಎಡೆಯಿತ್ತು. ಡೆಲ್ಫಿಯಿಂದ, ನಾವು ದಕ್ಷಿಣಕ್ಕಿದ್ದೇವೆ, ಎದುರು ದಿಕ್ಕಿನ ಬೇರಿಂಗ್ ಕೊಡಿ ಎಂದು ಕೇಳಿದರು.

ಸುಮಿತ್ರಾ: ಅಂದರೆ ಸಾಕ್ಷಿ ಹೇಳಿದ್ದನ್ನು ತಮ್ಮ ನಂಬಿಕೆಗೆ ಹೊಂದುವಂತೆ ತಿರುಗಿಸಿ ಹೇಳಿಸಿಕೊಂಡರು.

ಮಾವ: ಅಷ್ಟು ಕಟುವಾಗಿ ಹೇಳಬೇಡ. ಹೊಸ ಉಪಕರಣದ ಮಾತಿಗಿಂತ ಇಪ್ಪತ್ತು ವರ್ಷ ಸಮುದ್ರದಲ್ಲಿದ್ದವನ ಲೆಕ್ಕ ದೊಡ್ಡದು ಎಂದು ಆಗ ಯಾರಾದರೂ ಒಪ್ಪುತ್ತಿದ್ದರು.

ಸುಮಿತ್ರಾ: ಕಟುವಲ್ಲ ಮಾವ, ನಾವೆಲ್ಲ ಮಾಡುವುದೇ ಅದು. ಅನುಮಾನವೂ ಶಬ್ದವೂ ಜಗಳವಾಡಿದಾಗ ಮೂರನೆಯದನ್ನು ಕೇಳಬೇಕು. ಕಣ್ಣಿಲ್ಲದಿದ್ದರೆ ಕೈಯಲ್ಲಾದರೂ ಮುಟ್ಟಿ ನೋಡಬೇಕು. ಸಮುದ್ರದಲ್ಲಿ ಅದಕ್ಕೆ ದಾರಿ ಇಲ್ಲವೇ?

ಮಾವ: ಇದೆ. ಭಾರ ಕಟ್ಟಿದ ಎಳೆ ಇಳಿಸಿ ತಳ ಎಷ್ಟು ಆಳದಲ್ಲಿದೆ ಎಂದು ನೋಡುವುದು. ಕಾಲುವೆಯ ಬಾಯಿಗೂ ಹೋಂಡಾ ಕರಾವಳಿಗೂ ಆಳ ಬೇರೆ. ಆದರೆ ಅದಕ್ಕೆ ವೇಗ ಇಳಿಸಬೇಕು. ವಾಟ್ಸನ್ ಇಳಿಸಲಿಲ್ಲ. ಅವತ್ತಿನ ಓಟ ಇದ್ದದ್ದೇ 20 ನಾಟ್ ಬಿಡಬಾರದು ಎಂದು.

ಸುಮಿತ್ರಾ: ಹಾಗಾದರೆ ನೀವು ಮೊದಲು ಹೊಗಳಿದ ಗುಣವೇ ಇಲ್ಲಿ ಕುರುಡಾಗಿಸಿತು. ಓಟವೇ ಅದರ ರಕ್ಷಣೆ ಅಂದಿರಿ. ತಳ ಮುಟ್ಟಿ ನೋಡಬೇಕಾದರೆ ಓಟ ಬಿಡಬೇಕು. ಹಡಗಿಗೆ ಎಷ್ಟು ವೇಗ ಕೊಟ್ಟರೋ ಅಷ್ಟು ಪ್ರತ್ಯಕ್ಷವನ್ನು ಅದು ಕಿತ್ತುಕೊಂಡಿತು.

ಮಾವ: ಹಡಗು ಯಾರಿಂದಲೂ ಏನೂ ಕಿತ್ತುಕೊಳ್ಳುವುದಿಲ್ಲ ಮಾರಾಯ್ತಿ. ಆ ಯಂತ್ರ 35 ನಾಟ್ ಓಡಬಲ್ಲದು, 5 ನಾಟ್‌ನಲ್ಲೂ ಹೋಗಬಲ್ಲದು. ಹಡಗು ನಡೆಸುವ ಬ್ರಿಜ್‌ನಿಂದ, ಎಂಜಿನ್ ರೂಮಿಗೆ ಆಜ್ಞೆ ಕಳಿಸುವ ಟೆಲಿಗ್ರಾಫಿನ ಹಿಡಿ ತಿರುಗಿಸಿದರೆ ಸಾಕು, ಕೆಳಗಿನವರು ಮರುಮಾತಿಲ್ಲದೆ ಆವಿ ಕಡಿಮೆ ಮಾಡುತ್ತಾರೆ. ಕೇಳುವವರು ಬೇಕು.

ಸುಮಿತ್ರಾ: ಡೆಲ್ಫಿಯವರನ್ನು ಬಿಡಿ. ಹಿಂದಿನ ಹಡಗುಗಳಲ್ಲೂ ಕ್ಯಾಪ್ಟನ್‌ಗಳಿದ್ದರು, ನಕ್ಷೆಗಳಿದ್ದವು. ರೇಡಿಯೋ ಮಾತು ಕಿವಿಗೊಟ್ಟವರಿಗೆಲ್ಲ ಕೇಳುವಂಥದ್ದು. ಅವರು ಯಾಕೆ ತಿರುಗಿದರು?

ಮಾವ: ಸಾಲು ಒಡೆದರೆ ಹಿಂದಿನ ಹಡಗು ಬಂದು ಗುದ್ದುತ್ತದೆ. ಮಂಜಿನಲ್ಲಿ ಒಬ್ಬೊಬ್ಬರೂ ತಮಗೆ ತೋಚಿದಂತೆ ತಿರುಗಿದರೆ ಹದಿನಾಲ್ಕೂ ಒಂದಕ್ಕೊಂದು ಬಡಿದುಕೊಂಡು ಸಾಯುತ್ತವೆ. ಯುದ್ಧದ ಹೊತ್ತಲ್ಲಿ ಹಾಗೆ ಆದದ್ದೂ ಉಂಟು. 1917ರಲ್ಲಿ ಹಳೆಯ ಚಾನ್ಸಿ ಎಂಬ ಡಿಸ್ಟ್ರಾಯರಿಗೆ ಜಿಬ್ರಾಲ್ಟರ್‌ನ ಪಶ್ಚಿಮಕ್ಕೆ ತಮ್ಮ ಕಡೆಯದೇ ಸರಕು ಹಡಗು ಗುದ್ದಿ, ಕ್ಯಾಪ್ಟನ್ ಸೇರಿ 21 ಜನ ಸತ್ತರು. ಅದೇ ಹೆಸರಿಟ್ಟ ಹೊಸ ಚಾನ್ಸಿ ಈ ಹೋಂಡಾದಲ್ಲಿ ಒಡೆದ ಏಳರಲ್ಲಿ ಒಂದು. ಹಿಂಬಾಲಿಸುವುದು ಹೇಡಿತನ ಎಂದುಕೊಳ್ಳಬೇಡ. ಅದು ಪಕ್ಕದವನ ಜೀವ ಕಾಯುವ ಕ್ರಮ.

ಸುಮಿತ್ರಾ: ಒಪ್ಪುತ್ತೇನೆ. ಆದರೆ ಎಲ್ಲರೂ ಹೋಗಿ ಬಡಿಯಲಿಲ್ಲವಲ್ಲ. ಹದಿನಾಲ್ಕರಲ್ಲಿ ಏಳು ಉಳಿದವು.

ಮಾವ: ಫ್ಯಾರಗಟ್, ಸೋಮರ್ಸ್ ತಳ ತಾಗಿಸಿಕೊಂಡು ಬಿಡಿಸಿಕೊಂಡವು. ಡೆಲ್ಫಿ ಬಡಿದ ಮೇಲೆ ಸೈರನ್ ಕೂಗಿಸಿ ಹಿಂದಿನವರನ್ನು ಎಚ್ಚರಿಸಿತು. ಹಿಂದಿದ್ದ ಒಂದು ವಿಭಾಗದ ನಾಯಕ ವಾಲ್ಟರ್ ರೋಪರ್, ಕೆನಡಿ ಹಡಗಿನಲ್ಲಿದ್ದವನು, ತನ್ನ ಹಡಗುಗಳ ವೇಗ ಇಳಿಸಿದ, ನಿಲ್ಲಿಸಿದ. ಅವನ ಕೈಕೆಳಗಿನ ಒಂದೂ ಬಂಡೆ ಸೇರಲಿಲ್ಲ.

ಸುಮಿತ್ರಾ: ಅವನು ಆಜ್ಞೆ ಮೀರಿದನೇ?

ಮಾವ: ಇಲ್ಲ. ಅವನು ಸಾಲಿನಿಂದ ಹೊರಗೆ ಓಡಲಿಲ್ಲ, ಇದ್ದಲ್ಲಿ ನಿಧಾನಿಸಿದ. ತೇರಿನ ಹಗ್ಗ ಎಳೆಯುವ ಸಾವಿರ ಜನಕ್ಕೆ ಮುಂದಿನದೇನೂ ಕಾಣದು, ಎಳೆಯುವುದೇ ಅವರ ಭಕ್ತಿ. ಗಾಲಿಯ ಪಕ್ಕ ಮರದ ಅಡೆ ಹಿಡಿದು ನಡೆಯುವವನೊಬ್ಬ ಇರುತ್ತಾನಲ್ಲ, ಹೊತ್ತಿಗೆ ಸರಿಯಾಗಿ ಅಡೆ ಕೊಟ್ಟು ನಿಲ್ಲಿಸುವುದೇ ಅವನ ಭಕ್ತಿ. ಅವನನ್ನು ಉತ್ಸವಕ್ಕೆ ಎದುರಾದವನು ಅನ್ನುತ್ತೇವೆಯೇ?

ಸುಮಿತ್ರಾ: ಹಾಗಿದ್ದರೆ ತಪ್ಪು ಇರುವುದು ಹಿಂಬಾಲಿಸಿದ್ದರಲ್ಲಿ ಅಲ್ಲ. ತನ್ನ ಲೆಕ್ಕವನ್ನು ತಾನು ಹಾಕದೆ ಹಿಂಬಾಲಿಸಿದ್ದರಲ್ಲಿ. ಸಾಲಿನಲ್ಲಿ ಹದಿನಾಲ್ಕು ಬುದ್ಧಿಗಳಿದ್ದವು. ಒಂದೇ ಬುದ್ಧಿ ಕೆಲಸ ಮಾಡಿತು, ಉಳಿದವು ಅದರ ನೆರಳಾದವು. ಹಡಗು ಸಾಲಾಗಿ ಹೋಗಲಿ, ಸಂಶಯ ಸಾಲಾಗಿ ಹೋಗಬೇಕಿಲ್ಲ.

ಮಾವ: ಸಂಶಯ ಎಷ್ಟರ ಮಟ್ಟಿಗೆ? ತರಗತಿಯಲ್ಲಿ ಸಂಶಯಕ್ಕೆ ಒಂದು ಗಂಟೆ ಇರುತ್ತದೆ. ಅಲ್ಲಿ ಐದು ನಿಮಿಷ. 1917ರಲ್ಲಿ ಕ್ಯಾಸಿನ್ ಎಂಬ ಡಿಸ್ಟ್ರಾಯರಿನತ್ತ ಟಾರ್ಪೆಡೊ ಬರುವುದನ್ನು ಆಸ್ಮಂಡ್ ಇನ್‌ಗ್ರಾಮ್ ಎಂಬ ನಾವಿಕ ಕಂಡ. ಅದು ಬಡಿಯುವ ಜಾಗದಲ್ಲೇ ಸಬ್‌ಮರೀನಿನ ಮೇಲೆ ಹಾಕುವ ಡೆಪ್ತ್ ಚಾರ್ಜ್‌ಗಳಿದ್ದವು. ಅವನ್ನು ಸಮುದ್ರಕ್ಕೆ ಎಸೆಯಲು ಹಿಂಭಾಗಕ್ಕೆ ಓಡಿದ, ಅಲ್ಲೇ ಸತ್ತ. ಹಡಗು ಉಳಿಯಿತು. ಅವನಿಗೆ ಸಂಶಯಪಡಲು ಹೊತ್ತೆಲ್ಲಿತ್ತು?

ಸುಮಿತ್ರಾ: ಹೊತ್ತಿರಲಿಲ್ಲ. ಆದರೆ ಯಾರ ಅಪ್ಪಣೆಗೂ ಅವನು ಕಾಯಲೂ ಇಲ್ಲ. ಹಡಗಿನಲ್ಲಿ ಏನು ಎಲ್ಲಿದೆ, ಏನಾದರೆ ಏನಾಗುತ್ತದೆ ಎಂದು ಮೊದಲೇ ತಿಳಿದುಕೊಂಡಿದ್ದ. ಹೋಂಡಾದಲ್ಲಿ ಐದು ನಿಮಿಷ ಅನ್ನುತ್ತೀರಿ, ಅದು ತಿರುಗಿದ ಮೇಲಿನ ಲೆಕ್ಕ. ಅದಕ್ಕೂ ಮೊದಲು ಇಡೀ ಮಧ್ಯಾಹ್ನ, ಇಡೀ ಸಂಜೆ ಇತ್ತು.

ಮಾವ: (ತುಸು ಹೊತ್ತು ಸುಮ್ಮನಿದ್ದು) ಅದು ಸರಿ. ಯಂಗ್ ಎಂಬ ಹಡಗು ತಳ ಸೀಳಿ ಒಂದೂವರೆ ನಿಮಿಷದಲ್ಲಿ ಅಡ್ಡ ಮಗುಚಿತು. ಎಂಜಿನ್ ರೂಮು, ಬಾಯ್ಲರ್ ರೂಮುಗಳಲ್ಲಿದ್ದ ಹಲವರು ಒಳಗೇ ಸಿಕ್ಕಿಬಿದ್ದರು. ಸತ್ತ 23 ಜನರಲ್ಲಿ 20 ಜನ ಯಂಗ್‌ನವರು, ಮೂವರು ಡೆಲ್ಫಿಯವರು. ಮೇಲಿದ್ದವರು ಮಗುಚಿದ ಹಡಗಿನ ಬದಿಗೆ ಅಂಟಿಕೊಂಡಿದ್ದಾಗ ಪೀಟರ್ಸನ್ ಎಂಬ ನಾವಿಕ ಹಗ್ಗ ಹಿಡಿದು ಚಾನ್ಸಿಯವರೆಗೆ ಈಜಿದ, ಆ ಹಗ್ಗದ ಮೇಲೆ ತೆಪ್ಪ ಎಳೆದೆಳೆದು ಉಳಿದವರನ್ನು ದಾಟಿಸಿದರು. ನನಗೆ ಕಾಡುವುದು ಕೆಳಗಿದ್ದವರು. ಅವರಿಗೆ ಮಂಜೂ ಕಂಡಿರಲಿಲ್ಲ.

ಸುಮಿತ್ರಾ: ವಿಚಾರಣೆಯಲ್ಲಿ ಏನಾಯಿತು?

ಮಾವ: ಹನ್ನೊಂದು ಅಧಿಕಾರಿಗಳ ಕೋರ್ಟ್ ಮಾರ್ಷಲ್ ನಡೆಯಿತು. ಹೊಣೆ ಪೂರ್ತಿ ನನ್ನದು ಎಂದ ವಾಟ್ಸನ್. ಹಾಗೆ ನಿಂತು ಹೇಳಿದವನನ್ನು ನಾನು ಗೌರವಿಸುತ್ತೇನೆ. ಅವನ ಹಿರಿತನ ಇಳಿಸಿದರು, ಆದರೆ ಸೇವೆಯಿಂದ ತೆಗೆಯಲಿಲ್ಲ. ಆ ನೌಕಾಪಡೆಗೆ ಹಾಗೆ ಮಾಡುವ ಗುಣ ಮೊದಲಿನಿಂದಲೂ ಇತ್ತು. 1908ರಲ್ಲಿ ಫಿಲಿಪೀನ್ಸಿನಲ್ಲಿ ಡೆಕೇಟರ್ ಎಂಬ ಡಿಸ್ಟ್ರಾಯರನ್ನು ಮರಳಿಗೆ ಹತ್ತಿಸಿದ ಹುಡುಗ ಅಧಿಕಾರಿಗೆ ಛೀಮಾರಿ ಹಾಕಿ ಬಿಟ್ಟರು. ಅವನು ಚೆಸ್ಟರ್ ನಿಮಿಟ್ಜ್. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ನೌಕಾಪಡೆ ಅವನ ಕೈಯಲ್ಲಿತ್ತು.

ಸುಮಿತ್ರಾ: ವಾಟ್ಸನ್ ದೊಡ್ಡವನು, ಇಲ್ಲ ಅನ್ನುವುದಿಲ್ಲ. ಆದರೆ ಒಬ್ಬನೇ ಪೂರ್ತಿ ಹೊಣೆ ಹೊತ್ತರೆ ಉಳಿದವರಿಗೆ ತಾವು ಏನು ಮಾಡಬೇಕಿತ್ತು ಎಂದು ಕೇಳಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಸಮುದ್ರದಲ್ಲಿ ಅವನ ಬುದ್ಧಿಯ ಹಿಂದೆ ಹೋದವರು ಕೋರ್ಟಿನಲ್ಲಿ ಅವನ ಹೊಣೆಯ ಹಿಂದೆ ನಿಂತರು.

ಮಾವ: ಇದನ್ನು ನಾನು ಒಪ್ಪಲಾರೆ. ನಾಯಕ ಹೊಣೆ ಹಂಚಲು ಹೊರಟರೆ ಅದು ನುಣುಚಿಕೊಂಡ ಹಾಗೇ ಕಾಣುತ್ತದೆ, ಆಗ ಅವನ ಹಿಂದೆ ಯಾರೂ ಹೋಗುವುದಿಲ್ಲ. ಅವನು ಪೂರ್ತಿ ಹೊರಬೇಕು. ಉಳಿದವರೂ ತಮ್ಮ ತಮ್ಮದನ್ನು ಪೂರ್ತಿ ಹೊರಬೇಕು. ಹೊಣೆಯನ್ನು ಗಣಿತದಂತೆ ಭಾಗಿಸಲು ಬರುವುದಿಲ್ಲ.

ಸುಮಿತ್ರಾ: ಆಯಿತು, ನಿಮ್ಮದನ್ನೇ ಹೇಳಿ. ಆ ರಾತ್ರಿ ನೀವು ಡೆಲ್ಫಿಯ ಎಂಜಿನ್ ರೂಮಿನಲ್ಲಿದ್ದಿದ್ದರೆ? ನಿಮಗೆ ನಕ್ಷೆ ಇಲ್ಲ, ಕಿಟಕಿ ಇಲ್ಲ. ನಿಮ್ಮ ಪಾಲಿನ ಹೊಣೆ ಏನು?

ಮಾವ: 20 ನಾಟ್ ಕೇಳಿದರೆ 20 ನಾಟ್ ಕೊಡುತ್ತಿದ್ದೆ. ಆದರೆ ಯಂತ್ರ ಗಾಳಿಯಲ್ಲಿ ಸುತ್ತುತ್ತಿದ್ದರೆ ಅದು ಮೊದಲು ಗೊತ್ತಾಗುವುದು ನನ್ನ ಕಾಲಡಿಗೆ, ಬ್ರಿಜ್‌ನಲ್ಲಿದ್ದವರಿಗಲ್ಲ. ಸುತ್ತಿನ ಎಣಿಕೆ ಮೇಲೆ ಕಳಿಸುವಾಗ, ಇಷ್ಟು ಸುತ್ತಿಗೆ ಇಷ್ಟು ದೂರ ಸಾಗಿರಲಾರದು ಎಂದು ಪಕ್ಕದಲ್ಲಿ ಬರೆದು ಕಳಿಸುತ್ತಿದ್ದೆ.

ಸುಮಿತ್ರಾ: ಅವರು ಕೇಳದಿದ್ದರೂ?

ಮಾವ: ಎಷ್ಟು ಸುತ್ತು ಎಂದಷ್ಟೇ ಅವರು ಕೇಳುವುದು. ಉಳಿದದ್ದನ್ನು ನಾನೇ ಹೇಳಬೇಕು. ಒಮ್ಮೆ ಹೇಳಿ ಉತ್ತರ ಬಾರದಿದ್ದರೆ ಮತ್ತೊಮ್ಮೆ ಹೇಳಬೇಕು, 9 ಗಂಟೆಯ ಒಳಗೆ.